ಎಡಗಡೆಯ ಹಿಂದಿನ ಗಾಲಿ

ನಮ್ಮ ಅಂಗಳಕ್ಕೆ ಹಾಸಿರುವುದು ನಮ್ಮೂರಿನದೇ ಫರಸಿ ಕಲ್ಲು. ಶಹಾಬಾದಿನಲ್ಲಿ ಇದ್ದು ಬೇರೆ ಏನನ್ನು ಹಾಸುತ್ತೇವೆ? ನೆಲ ಎಷ್ಟು ಸಮ ಎಂದರೆ ಒಂದು ಗೋಲಿ ಇಟ್ಟರೆ ಅದು ಇಟ್ಟಲ್ಲೇ ಇರುತ್ತದೆ. ಅಂಥ ನೆಲದ ಮೇಲೆ ಕಾರು ಒಂದು ಬೆರಳು ವಾಲಿ ನಿಂತರೂ ಗೊತ್ತಾಗುತ್ತದೆ. ನನಗಲ್ಲ, ಅತ್ಯಾಗೆ.

ಅತ್ಯಾ ಅಂದರೆ ನನ್ನ ತಂದೆಯ ಕಿರಿಯ ತಂಗಿ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈಗ ಆ ಸೊಂಟ ಮುರಿದು ಒಳಗೆ ಉಕ್ಕಿನ ಪಟ್ಟಿ ಕೂಡಿಸಿದ್ದಾರೆ. ಬಸ್ಸಿನ ಮೆಟ್ಟಿಲು ಅವಳಿಗೆ ಗುಡ್ಡವಾಗಿದೆ. ಕಿವಿಯಂತೂ ಅದಕ್ಕೂ ಮೊದಲೇ ಹೋಯಿತು. ಬಲಗಿವಿಯ ಹತ್ತಿರ ಬಾಯಿ ಇಟ್ಟು ಕೂಗಿದರೆ ಅಷ್ಟಿಷ್ಟು ಕೇಳುತ್ತದೆ, ಉಳಿದದ್ದನ್ನು ನಮ್ಮ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ. ಕಿವಿಯ ಮಷೀನು ತಂದುಕೊಟ್ಟಿದ್ದೆ. "ಇದರಾಗ ಬರೇ ಕುಕ್ಕರ್ ಸೀಟಿ ಹೊಡೀತದ" ಎಂದು ಅದನ್ನು ಗೋಪಿಚಂದನದ ಡಬ್ಬಿಯ ಪಕ್ಕದಲ್ಲಿಟ್ಟು ಮರೆತಳು. ಕಿವಿ ಬಿಟ್ಟ ಕೆಲಸವನ್ನೆಲ್ಲ ಅವಳ ಕಣ್ಣು ಹೊತ್ತುಕೊಂಡಿದೆ.

"ಏನೋ, ನಿನ್ನ ಗಾಡಿ ಎಡಗಾಲು ಎಳಿಲಿಕತ್ತದಲ್ಲೋ," ಎಂದಳು ಒಂದು ಮುಂಜಾನೆ, ತುಳಸಿಗೆ ನೀರು ಹಾಕುತ್ತ.

ನೋಡಿದೆ. ಎಡಗಡೆಯ ಹಿಂದಿನ ಗಾಲಿ ತಳದಲ್ಲಿ ಸ್ವಲ್ಪ ಅಗಲವಾಗಿ ಕೂತಿತ್ತು. ಅವಳ ಕಿವಿಗೆ ಬಾಗಿ, "ಗಾಳಿ ಕಡಿಮಿ ಆಗ್ಯಾದ ಅತ್ಯಾ, ಹಾಕಿಸ್ಕೊಂಡ ಬರ್ತೀನಿ" ಎಂದೆ.

"ಮೊನ್ನೇ ಹಾಕಿಸ್ಕೊಂಡ ಬಂದಿ. ಅದೇನು ಗಾಲಿನೋ, ಬಾಣಂತಿನೋ? ಎರಡು ದಿನಕ್ಕೊಮ್ಮೆ ಉಪಚಾರ ಬೇಡ್ತದ."

ಮೊಳೆ ಚುಚ್ಚಿ ಆಗುವ ಪಂಕ್ಚರ್ ಒಂದು ರೀತಿಯಲ್ಲಿ ಪ್ರಾಮಾಣಿಕ. ನಡುದಾರಿಯಲ್ಲಿ ಕೆಡವುತ್ತದೆ, ಬೈಸಿಕೊಳ್ಳುತ್ತದೆ, ರಿಪೇರಿ ಮಾಡಿಸಿಕೊಂಡು ಮುಂದೆ ನಡೆಯುತ್ತದೆ. ಈ ಮೆಲ್ಲಗೆ ಸೋರುವ ಗಾಲಿಯ ಜಾತಿಯೇ ಬೇರೆ. ಇವತ್ತು ಗಾಳಿ ತುಂಬಿಸಿದರೆ ಇವತ್ತು ಸುಮ್ಮನಿರುತ್ತದೆ, ನಾಳೆಯೂ ಸುಮ್ಮನಿರುತ್ತದೆ. ಶಾಲೆಗೆ ಹೋಗಿ ಪಾಠ ಮಾಡಿ ಬರುತ್ತೇನೆ, ಅಂಗಡಿಗೆ ಹೋಗಿ ತೊಗರಿಬೇಳೆ ತರುತ್ತೇನೆ, ಏನೂ ಆಗಿಲ್ಲ ಅನ್ನಿಸುತ್ತದೆ. ಅದರ ಮರುದಿನ ಎದ್ದು ನೋಡಿದರೆ ಬೇಸರ ಬಂದ ಮನುಷ್ಯ ಗೋಡೆಗೆ ಒರಗಿದಂತೆ ಕಾರು ಒಂದು ಮಗ್ಗುಲಿಗೆ ಒರಗಿರುತ್ತದೆ. ಹೀಗಾಗಿ ಅದಕ್ಕೆ ನಾನು ಒಗ್ಗಿಹೋಗಿದ್ದೆ. ಮನೆಯಲ್ಲಿ ಯಾರಿಗೋ ಹಳೆಯ ಕೆಮ್ಮಿದ್ದರೆ ಉಳಿದವರಿಗೆ ಅದು ಕೇಳಿಸುವುದೇ ನಿಂತುಹೋಗುತ್ತದಲ್ಲ, ಹಾಗೆ.

ಅತ್ಯಾ ಸುಮ್ಮನಿರುವವಳಲ್ಲ. ದಿನಾ ನೆನಪಿಸಿ ನೆನಪಿಸಿ ಕೊನೆಗೆ ಸ್ಟೇಶನ್ ಹತ್ತಿರದ ಪಂಕ್ಚರ್ ಅಂಗಡಿಯ ಚಾಚಾನ ಮುಂದೆ ನನ್ನನ್ನು ನಿಲ್ಲಿಸಿದಳು. ಚಾಚಾ ಗಾಲಿ ಬಿಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಒಂದು ಸುತ್ತು ತಿರುಗಿಸಿದ, ಇನ್ನೊಂದು ಸುತ್ತು ತಿರುಗಿಸಿದ, ಬೀಡಿ ಹಚ್ಚಿದ.

"ಏನ್ ಚಾಚಾ, ಕಂಡಿತೇನು?"

"ಎಲ್ಲಿ ಕಾಣ್ತದ್ರಿ ಮಾಸ್ತರ್? ಒಂದು ಗುಳ್ಳಿ ಸುದ್ದಾ ಏಳವಲ್ದು. ನೀರಾಗ ಮಸ್ತ್ ಮಲ್ಕೊಂಡದ ನಿಮ್ಮ ಗಾಲಿ."

"ಮತ್ತ ಗಾಳಿ ಎಲ್ಲಿ ಹೋಗ್ಲಿಕತ್ತದ?"

"ವಾಲ್ ಹಳೇದಾಗ್ಯಾದ. ಹೊಸದು ಹಾಕ್ತೀನಿ, ಕಿಸ್ಸಾ ಖತಂ." ಹಾಕಿದ. ಕಿಸ್ಸಾ ಮಾತ್ರ ಖತಂ ಆಗಲಿಲ್ಲ. ಮುಂದಿನ ವಾರ ಅವನೇ ಕೈಮುಗಿದು, "ಮಾಸ್ತರ್, ನಿಮ್ಮ ಗಾಲಿಗಿ ಏನೂ ಆಗಿಲ್ಲ, ನಿಮಗೇ ವಹಮ್ ಹತ್ಯಾದ" ಎಂದ. ಅನುಮಾನದ ರೋಗ ಎಂದು ಅವನ ಅರ್ಥ. ಸ್ಟೆಪ್ನಿ ಹಾಕಿಕೊಂಡು ತಿರುಗೋಣವೆಂದರೆ ಅದರ ಮಗ್ಗುಲು ಸೀಳಿ ದಾರದ ಎಳೆ ಕಾಣುತ್ತಿತ್ತು. ಅದನ್ನು ಹಾಕಿಕೊಂಡು ಓಣಿ ದಾಟುವುದೇ ಧೈರ್ಯದ ಮಾತು.

ನಮ್ಮ ಮನೆಯ ಇನ್ನೊಂದು ರೂಢಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಅಮಾವಾಸ್ಯೆ ಬಂತೆಂದರೆ ಅತ್ಯಾ ಕಾರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಾಳೆ. ಎಲ್ಲರೂ ಕಟ್ಟುತ್ತಾರೆ, ಅದರಲ್ಲೇನೂ ವಿಶೇಷವಿಲ್ಲ. ಆದರೆ ಬಜಾರದಲ್ಲಿ ಮಾರುವ ದಾರದ ಸರ ಅವಳಿಗೆ ಆಗುವುದಿಲ್ಲ. "ಅದು ಎರಡು ದಿನಕ್ಕ ಹರಿದು ಬೀಳ್ತದ, ದೃಷ್ಟಿ ಏನು ತಡೀತದ?" ಎನ್ನುತ್ತಾಳೆ. ಮನೆ ಕಟ್ಟುವಾಗ ಸರಳು ಬಿಗಿಯಲು ತಂದು ಉಳಿದ ತೆಳುವಾದ ಕಬ್ಬಿಣದ ತಂತಿಯ ಸುರುಳಿಯೊಂದು ಅವಳ ಹತ್ತಿರ ಇದೆ. ಅದನ್ನು ಜೋಡು ಮಾಡಿ ದೇವರ ದೀಪಕ್ಕೆ ಹತ್ತಿಯ ಬತ್ತಿ ಹೊಸೆದಂತೆಯೇ ಹೊಸೆಯುತ್ತಾಳೆ. ಆಮೇಲೆ ಒಂದು ಇದ್ದಲಿ ಚೂರು, ಒಂದು ನಿಂಬೆಹಣ್ಣು, ಮೇಲೆ ಮೆಣಸಿನಕಾಯಿ ಪೋಣಿಸಿ ಕಾರಿನ ಮುಂದೆ ಬಿಗಿಯುತ್ತಾಳೆ.

ಹಳೆಯದನ್ನು ಕೈಯಿಂದ ಎಸೆಯುವಂತಿಲ್ಲ. ತಿಂಗಳಿಡೀ ಅದು ಕುಡಿದ ದೃಷ್ಟಿಯೆಲ್ಲ ಗಾಡಿಯ ಗಾಲಿಯ ಕೆಳಗೇ ಅರೆದು ಹೋಗಬೇಕು. ಕಾರು ಮನೆಯ ಕಡೆ ಮುಖ ಮಾಡಿ ನಿಲ್ಲುವುದರಿಂದ ಹೊರಗೆ ತೆಗೆಯುವಾಗ ಹಿಂದಕ್ಕೆ ಬಿಡಬೇಕು. ಅದಕ್ಕೇ ಅತ್ಯಾ ಒಣಗಿ ಮರವಾದ ಆ ಹಳೆಯ ನಿಂಬೆಯನ್ನು ಎಡಗಡೆಯ ಹಿಂದಿನ ಗಾಲಿಯ ಬೆನ್ನಿಗೆ ಇಟ್ಟು, ದೂರ ಸರಿದು ನಿಂತು, "ಹಾಂ, ಬಿಡು ಈಗ!" ಎನ್ನುತ್ತಾಳೆ. ಚಟ್ ಎನ್ನುತ್ತದೆ. ಅವಳಿಗೆ ಆ ಸಪ್ಪಳ ಕೇಳುವುದಿಲ್ಲ. ಕೆಳಗೆ ಬಾಗಿ ನೋಡಿ, ಅರೆದಿದೆ ಎಂದು ಖಾತ್ರಿ ಮಾಡಿಕೊಂಡು ಒಳಗೆ ಹೋಗುತ್ತಾಳೆ.

ಹೀಗಿರುವಾಗ ಒಂದು ಗುರುವಾರ ಚಿಂಚೋಳಿಯಿಂದ ಫೋನ್ ಬಂತು. ಅಲ್ಲಿ ಅತ್ಯಾನ ಅಕ್ಕ ಇದ್ದಾಳೆ, ನನಗೆ ದೊಡ್ಡತ್ಯಾ. ಫೋನ್ ಮಾಡಿದವನು ಅವಳ ಮಗ, ನನಗಿಂತ ಹಿರಿಯ, ಅಣ್ಣ ಎನ್ನುತ್ತೇನೆ. ದೊಡ್ಡತ್ಯಾನ ಗಂಟಲಲ್ಲಿ ಗಂಟಾಗಿ, ಅದು ಕೆಟ್ಟ ಗಂಟೆಂದು ತಿಳಿದು ಕೆಲವು ತಿಂಗಳಾಗಿತ್ತು.

"ಸೋಮವಾರ ಆಪರೇಷನ್ ಅಂತ ಹೇಳ್ಯಾರೋ," ಎಂದ ಅಣ್ಣ. "ಐತವಾರ ಮುಂಜಾನಿ ಹೈದರಾಬಾದಿಗೆ ಹೊಂಡ್ತೀವಿ. ದನಿ ಬರೋ ಜಾಗಾನೇ ತಗೀತಾರಂತ. ಜೀವ ಉಳೀತದ ಅಂತಾರ, ಮಾತು ಉಳಿಯಂಗಿಲ್ಲ. ಮಾವಶಿಗಿ ಒಮ್ಮೆ ಕರಕೊಂಡ ಬಾ. ಅವ್ವ ಅದೇ ಹಟ ಹಿಡದಾಳ."

ಅವನ ತಾಯಿಯ ತಂಗಿ, ಅಂದರೆ ನಮ್ಮ ಅತ್ಯಾ, ಅವನಿಗೆ ಮಾವಶಿ. ನಾನು ಎಲ್ಲವನ್ನೂ ಅತ್ಯಾನ ಬಲಗಿವಿಗೆ ಕೂಗಿ ಹೇಳಿದೆ. ಅಂಥ ಮಾತನ್ನು ಕೂಗಿ ಹೇಳುವುದು ಎಷ್ಟು ಕೆಟ್ಟದ್ದೆಂದು ಕಿವುಡರ ಮನೆಯವರಿಗೇ ಗೊತ್ತು. ಪಕ್ಕದ ಮನೆಯ ಕಿಟಕಿಯೊಂದು ತೆರೆಯಿತು. ಅತ್ಯಾ ನನ್ನ ತುಟಿಯನ್ನೇ ನೋಡುತ್ತಿದ್ದಳು. ಮುಗಿದ ಮೇಲೂ ನೋಡುತ್ತಲೇ ಇದ್ದಳು.

"ಹಂಗಾರ ಆಕಿ ನನಗ ಮತ್ತ ಕರಿಯಂಗಿಲ್ಲ," ಎಂದಳು.

ಆ ಮಾತು ನನಗೆ ಅರ್ಥವಾಯಿತು. ದೊಡ್ಡತ್ಯಾ ತಂಗಿಯನ್ನು ಕರೆಯಲು ಒಂದು ಹೆಸರಿದೆ. ಎರಡೇ ಅಕ್ಷರ, ಅದಕ್ಕೆ ಅರ್ಥವೂ ಇಲ್ಲ. ತಾನೇ ಇನ್ನೂ ತೊದಲುವ ವಯಸ್ಸಿನಲ್ಲಿ ತೊಟ್ಟಿಲೊಳಗಿನ ತಂಗಿಯನ್ನು ನೋಡಿ ಹಾಗೆ ಕರೆದಳಂತೆ, ಮನೆಯವರೆಲ್ಲ ಅದನ್ನೇ ಹಿಡಿದರಂತೆ. ಹಾಗೆ ಕರೆಯುತ್ತಿದ್ದವರು ಒಬ್ಬೊಬ್ಬರಾಗಿ ಹೋದರು. ಅಜ್ಜ, ಅಜ್ಜಿ, ಕಡೆಗೆ ನನ್ನ ತಂದೆ. ಈಗ ಉಳಿದವಳು ದೊಡ್ಡತ್ಯಾ ಒಬ್ಬಳೇ. ಅವಳ ದನಿಯಾದರೋ ಕಂಚಿನದು. ನಾನು ಚಿಕ್ಕವನಿದ್ದಾಗ ಆ ದನಿ ಹಿತ್ತಿಲಿನಿಂದ ಹೊರಟರೆ ಮುಂಬಾಗಿಲ ಆಚೆಯ ಓಣಿಯವರು ತಿರುಗಿ ನೋಡುತ್ತಿದ್ದರು. ಅತ್ಯಾನ ಕಿವಿ ಹೋದ ಮೇಲೂ, ಎದುರಿಗೆ ಕೂತು ದೊಡ್ಡತ್ಯಾ ಕರೆದರೆ, ಕೂಗುವುದು ಬೇಡ, ಸುಮ್ಮನೆ ಕರೆದರೆ ಸಾಕು, ಇವಳಿಗೆ ಕೇಳುತ್ತಿತ್ತು. ಆ ಒಂದು ದನಿಗೆ ಅವಳ ಕಿವಿಯಲ್ಲಿ ಇನ್ನೂ ದಾರಿ ಉಳಿದಿತ್ತು.

ಫೋನಿನಲ್ಲಿ ಆ ದಾರಿ ಇರಲಿಲ್ಲ. ಅದೇ ಸಂಜೆ ಪ್ರಯತ್ನಿಸಿ ನೋಡಿದೆವು. ಫೋನನ್ನು ಕಿವಿಗೆ ಒತ್ತಿಕೊಂಡು, "ಗರಗರ ಅಂತದೋ, ಬರೇ ಗರಗರ" ಎಂದಳು. ವಿಡಿಯೋ ಹಚ್ಚಿದರೆ ದೊಡ್ಡತ್ಯಾನ ಹಣೆಯೂ ಮೇಲೆ ತಿರುಗುವ ಫ್ಯಾನೂ ಕಂಡವು. ಆಮೇಲೆ ಅಣ್ಣ ಸರಿಯಾಗಿ ಹಿಡಿದ. ಮುಖ ಕಂಡಿತು. ಅತ್ಯಾ ಪರದೆಯ ಮೇಲೆ ಬೆರಳಿಟ್ಟು, "ಮಾರಿ ಏನು, ಫೋಟೋದಾಗೂ ಅದ. ನನಗ ಆಕಿ ದನಿ ಬೇಕು" ಎಂದಳು.

ಶುಕ್ರವಾರ ಏಕಾದಶಿ. ಅವಳಿಗೆ ನೀರೂ ಇಲ್ಲದ ಉಪವಾಸ, ಪ್ರಯಾಣ ಸಾಧ್ಯವಿರಲಿಲ್ಲ. ಶನಿವಾರ ಬೆಳಗಿನ ಪಾರಣೆ ಮುಗಿಸಿ ಹೊರಡುವುದೆಂದಾಯಿತು. ಶಹಾಬಾದಿನಿಂದ ವಾಡಿ, ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿ. ಮಧ್ಯಾಹ್ನದ ಊಟಕ್ಕೆ ಮುಟ್ಟುತ್ತೇವೆ, ರಾತ್ರಿಯಿಡೀ ಇಬ್ಬರೂ ಮಾತಾಡಲಿ ಎಂದುಕೊಂಡಿದ್ದೆ.

ಶನಿವಾರ ಬೆಳಿಗ್ಗೆ ಗಾಲಿ ಪೂರ್ತಿ ನೆಲ ಹಿಡಿದಿತ್ತು. ಓಣಿಯ ಬಾಡಿಗೆ ಕಾರಿನವನು ತಿರುಪತಿಗೆ ಹೋಗಿದ್ದ. ಚಾಚಾನ ಅಂಗಡಿ ಇನ್ನೂ ತೆರೆದಿರಲಿಲ್ಲ. ಕಾಲಿನ ಪಂಪು ತಂದು ತುಳಿಯತೊಡಗಿದೆ. ಅತ್ಯಾ ಚಹಾದ ಫ್ಲಾಸ್ಕನ್ನೂ, ದೊಡ್ಡತ್ಯಾಗೆಂದು ಕಟ್ಟಿದ ಮೆತ್ತನೆಯ ಗಂಜಿಯ ಡಬ್ಬಿಯನ್ನೂ ಹಿಡಿದು ಮೆಟ್ಟಿಲ ಮೇಲೆ ತಯಾರಾಗಿ ಕೂತಿದ್ದಳು.

"ಆಗ್ತದನೋ?" ಎಂದಳು.

"ಆಗ್ತದ ಅತ್ಯಾ."

"ಇಲ್ಲಾಂದ್ರ ನನಗ ಲಾರ್‍ಯಾಗ ಕುಂದರ್ಸಿಬಿಡು. ಸಿಮೆಂಟ್ ಚೀಲದ ಗೂಡ ನಾನೂ ಒಂದು ಚೀಲ."

ವಾಡಿಯ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಮುಗಿಯುವಂತೆಯೇ ಕಾಣಲಿಲ್ಲ. ಇಳಿದು ಗಾಲಿ ನೋಡಿದೆ, ಸ್ವಲ್ಪ ಇಳಿದಿತ್ತು. ಗೇಟು ದಾಟಿ ಪೆಟ್ರೋಲ್ ಪಂಪಿನಲ್ಲಿ ಗಾಳಿ ತುಂಬಿಸಿದೆ. ಚಿತ್ತಾಪುರದ ಹೊತ್ತಿಗೆ ಮತ್ತೆ ಇಳಿದಿತ್ತು. ಇನ್ನು ಹೀಗೆ ಮುಂದೆ ಹೋಗುವುದು ಸರಿಯಲ್ಲ ಎನಿಸಿ, ಬಸ್ ನಿಲ್ದಾಣದ ಆಚೆ ಒಂದು ಟೈರಿನ ಅಂಗಡಿಗೆ ಕಾರು ಹಚ್ಚಿದೆ. ಅಂಗಡಿಯವನು ಗಾಲಿ ಬಿಚ್ಚಿ ನೀರಿನಲ್ಲಿ ಇಟ್ಟ. ಅವನಿಗೂ ಗುಳ್ಳೆ ಕಾಣಲಿಲ್ಲ.

"ರಿಮ್ಮಿಗಿ ಜಂಗ್ ಹಿಡದದ್ರಿ ಸರ್," ಎಂದ. "ನಿಮ್ಮ ಕಡೆ ಸಿಮೆಂಟಿನ ಧೂಳು ಭಾಳ ಅಲ್ರೀ? ಅದು ಅಂಚಿನಾಗ ಕುಂತು, ಅಲ್ಲಿಂದ ಗಾಳಿ ಹೋಗ್ಲಿಕತ್ತದ. ಟೈರ್ ಬಿಡಿಸಿ ತಿಕ್ಕಬೇಕಾಗ್ತದ."

"ಎಷ್ಟೊತ್ತು?"

"ಈಗ ಆತು ನೋಡ್ರಿ, ಕುಂದ್ರಿ."

ಅವನ 'ಈಗ' ಮಧ್ಯಾಹ್ನ ದಾಟಿತು. ಮೊದಲು ಒಂದು ಟ್ರ್ಯಾಕ್ಟರು ಬಂತು, ಆಮೇಲೆ ಅವನ ಊಟ ಬಂತು. ಅತ್ಯಾ ಅಂಗಡಿಯ ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಹೋಗುವ ಬರುವ ಗಾಡಿಗಳ ಗಾಲಿಗಳನ್ನೇ ನೋಡುತ್ತಿದ್ದಳು. "ಎಲ್ಲಾರ ಗಾಲಿನೂ ದುಂಡಗ ಅವ," ಎಂದಳು ಗಟ್ಟಿಯಾಗಿ, ಯಾರಿಗೂ ಅಲ್ಲದಂತೆ. ಅಂಗಡಿಯವನು ನಕ್ಕ. ಅವಳು ನಗಲಿಲ್ಲ.

ರಿಮ್ಮು ಹೊಳೆಯುವಂತೆ ತಿಕ್ಕಿಸಿಕೊಂಡು ಹೊರಟೆವು. ಸೇಡಂ ಮುಟ್ಟುವ ತನಕ ನನಗೆ ಭರವಸೆ ಇತ್ತು. ಎರಡೂ ಬದಿಗೆ ತೊಗರಿ ಕೊಯ್ದ ಹೊಲಗಳು, ಮೊನಚಾದ ಕೂಳೆಗಳು, ದಾರಿಯುದ್ದಕ್ಕೂ ಬೂದಿ ಬಳಿದಂತಿದ್ದ ಬೇವಿನ ಗಿಡಗಳು. ಅತ್ಯಾ ಮಡಿಲಲ್ಲಿ ಗಂಜಿಯ ಡಬ್ಬಿ ಹಿಡಿದು ತನ್ನಷ್ಟಕ್ಕೆ ಮಾತಾಡುತ್ತಿದ್ದಳು. ಕಿವುಡರಿಗೆ ತಮ್ಮ ದನಿ ಎಷ್ಟು ಎತ್ತರ ಇದೆ ಎಂದು ತಿಳಿಯುವುದಿಲ್ಲ. ಮನಸ್ಸಿನಲ್ಲೇ ಅಂದುಕೊಂಡೆನೆಂದು ತಿಳಿದು ಅವಳು ಎಲ್ಲವನ್ನೂ ಹೊರಗೇ ಆಡುತ್ತಿದ್ದಳು.

"ಮದಲ ಏನು ಕೇಳ್ಲಿ? ಊಟದ್ದು ಕೇಳಬಾರದು, ನುಂಗ್ಲಿಕ್ಕಿ ಬರಂಗಿಲ್ಲ ಆಕಿಗಿ. ಒಮ್ಮೆ ಕರಿ ಅಂತೀನಿ. ಹಂಗ ಒಮ್ಮೆ ಕರದ್ರ ಸಾಕು. ನಾ ಓ ಅಂತೀನಿ."

ಸೇಡಮ್ಮಿನಲ್ಲಿ ಇಳಿದು ನೋಡಿದೆ. ಗಾಲಿ ಮತ್ತೆ ಇಳಿದಿತ್ತು. ಗಾಳಿ ತುಂಬಿಸಿ, ಏನೂ ಹೇಳದೆ ಮುಂದಕ್ಕೆ ಬಿಟ್ಟೆ. ಕೋಡ್ಲಾ ಕಡೆಯ ಸಿಮೆಂಟ್ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು, ಅವುಗಳ ಧೂಳಿನಲ್ಲಿ ನಡುಹಗಲೇ ಸಂಜೆಯಂತಾಗಿತ್ತು. ಇನ್ನೂ ಅರ್ಧ ದಾರಿ ಇದೆ ಅನ್ನುವಷ್ಟರಲ್ಲಿ ಸ್ಟೇರಿಂಗು ಎಡಕ್ಕೆ ಎಳೆಯತೊಡಗಿತು. ಹಿಂದಿನಿಂದ ಪಟಪಟ ಎಂಬ ಸದ್ದು. ಅತ್ಯಾಗೆ ಸದ್ದು ಕೇಳಲಿಲ್ಲ, ಕೂತ ಸೀಟಿನಲ್ಲೇ ತಿಳಿಯಿತು.

"ಕುಂತಿತಲ್ಲೋ," ಎಂದಳು.

ಆಮೆಯ ಹಾಗೆ ತೆವಳಿಸಿಕೊಂಡು ಒಂದು ಕ್ರಾಸಿಗೆ ತಂದೆ. ಅಲ್ಲಿ ತಗಡಿನ ಶೆಡ್ಡು, ನೇತುಹಾಕಿದ ಒಂದು ಹಳೆಯ ಟೈರು. ಶೆಡ್ಡಿನ ಮಾಲೀಕ ಹಗ್ಗದ ಮಂಚದ ಮೇಲೆ ಮಲಗಿ ಫೋನಿನಲ್ಲಿ ಯಾರ ಜೊತೆಗೋ ತೆಲುಗಿನಲ್ಲಿ ಜಗಳಾಡುತ್ತಿದ್ದ. ಫೋನ್ ಇಟ್ಟು ನನ್ನನ್ನು ನೋಡಿದ.

"ಕರೆಂಟ್ ಇಲ್ರಿ. ಸಂಜಿತನಾ ಬರಂಗಿಲ್ಲ. ಗಾಳಿ ತುಂಬೋ ಮಷೀನ್ ಬಂದ್ ಅದ. ಗಾಲಿ ಬಿಚ್ಚಿ ಏನು ಮಾಡ್ಲಿ?"

"ನನ್ನ ಕಡೆ ಕಾಲಿನ ಪಂಪ್ ಅದ."

"ಹಂಗಿದ್ರ ನೀವೇ ತುಳೀರಿ. ಬಿಚ್ಚೋದು ಬ್ಯಾಡ, ಹಾಕಿದಲ್ಲೇ ಇರ್ಲಿ. ನೋಡೋಣ."

ತುಳಿದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಗಾಲಿ ಮೆಲ್ಲಗೆ ಎದ್ದಿತು. ಅತ್ಯಾ ಕಾರಿನಿಂದ ಕಷ್ಟಪಟ್ಟು ಇಳಿದು, ಬಾಗಿಲು ಹಿಡಿದುಕೊಂಡೇ ಬಂದು ಗಾಲಿಯ ಎದುರು ನಿಂತಳು.

"ಏನಪ್ಪಾ, ನಿನ್ನ ಕಡೆ ಸಾಬಾಣ ಅದನು?" ಎಂದು ಅವನನ್ನು ಕೇಳಿದಳು.

"ಅದ ಬೇ. ಕೈ ತೊಳ್ಕೋತಿಯೇನು?"

"ಹಾಂ?"

"ಕೈ! ಕೈ ತೊಳ್ಕೋತಿಯೇನು?"

"ನನ್ನ ಕೈಗಿ ಅಲ್ಲೋ. ಗಾಲಿಗಿ ಹಚ್ಚು. ಮಕ್ಕಳಿಗಿ ಮೈ ತೊಳದ್ರ ಗಾಯ ಎಲ್ಲದ ಅಂತ ತಾನೇ ಕಾಣ್ತದ."

ಅವನು ನಗುತ್ತ ಒಂದು ಚೆಂಬಿನಲ್ಲಿ ಸಾಬೂನಿನ ನೀರು ಕಲಸಿ, ಕಾರಿನ ಭಾರ ಹೊತ್ತು ನಿಂತಿದ್ದ ಗಾಲಿಯ ಮೇಲೆಲ್ಲ ಸುರಿದ. ಏನೂ ಇಲ್ಲ. ಕಾರನ್ನು ಒಂದು ಗೇಣು ಮುಂದಕ್ಕೆ ತಳ್ಳಿದೆವು, ಮತ್ತೆ ಸುರಿದ. ಏನೂ ಇಲ್ಲ. ಇನ್ನೊಂದು ಗೇಣು ತಳ್ಳಿದೆವು. ನಾನು ಎದ್ದು ನಿಂತು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ.

"ಅಲ್ನೋಡು," ಎಂದಳು ಅತ್ಯಾ. "ಉಸರಾಡ್ಲಿಕತ್ತದ."

ಟೈರು ನೆಲವನ್ನು ಮುಟ್ಟುವ ಜಾಗದಲ್ಲಿ, ಅಂಚಿನ ಒಂದು ಗೀರಿನ ಒಳಗೆ, ಸಾಸಿವೆಯಷ್ಟು ಗುಳ್ಳೆ ಏಳುತ್ತಿತ್ತು, ಒಡೆಯುತ್ತಿತ್ತು, ಮತ್ತೆ ಏಳುತ್ತಿತ್ತು. ಭಾರ ಬಿದ್ದಾಗ ಮಾತ್ರ ಬಾಯಿ ತೆರೆಯುವ ತೂತು ಅದು. ಬಿಚ್ಚಿ ತೊಟ್ಟಿಯಲ್ಲಿ ಮುಳುಗಿಸಿದಾಗ ಅದು ಬಾಯಿ ಮುಚ್ಚಿಕೊಂಡಿರುತ್ತಿತ್ತು. ಕರೆಂಟ್ ಇದ್ದಿದ್ದರೆ ಇವನೂ ಬಿಚ್ಚಿ ಮುಳುಗಿಸಿ, ಏನೂ ಇಲ್ಲ ಎಂದು ನಮ್ಮನ್ನು ಕಳಿಸಿಬಿಡುತ್ತಿದ್ದನೋ ಏನೋ.

ಅವನು ರಬ್ಬರಿನ ಬತ್ತಿಯನ್ನೂ ಅದನ್ನು ಚುಚ್ಚಿ ಸೇರಿಸುವ ದಬ್ಬಣವನ್ನೂ ತರಲು ಒಳಗೆ ಹೋದ. ಗೀರಿನಲ್ಲಿ ಏನೋ ಸಿಕ್ಕಿಕೊಂಡಿತ್ತು, ನಾನು ಇಕ್ಕಳ ಹಿಡಿದು ಎಳೆದೆ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ ಬಂತು. ಮೊಳೆಯಲ್ಲ. ತೆಳುವಾದ ಎರಡು ತಂತಿ, ಒಂದಕ್ಕೊಂದು ಹೊಸೆದದ್ದು. ಬತ್ತಿ ಹೊಸೆದ ಹಾಗೆ. ಸಂದಿಯಲ್ಲಿ ಇದ್ದಲಿಯ ಕಪ್ಪು.

ಆ ಹೊಸೆತವನ್ನು ನಾನು ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದೇನೆ. ದಿನವೂ ದೇವರ ಮುಂದೆ ಉರಿಯುವುದು ಅದೇ ಹೊಸೆತ. ಹೋದ ಅಮಾವಾಸ್ಯೆಯ ದಿನ ಒಣಗಿದ ನಿಂಬೆ ಆ ತಂತಿಯನ್ನು ನೆಟ್ಟಗೆ ಹಿಡಿದು ನಿಂತಿರಬೇಕು. ನಾನು ಹಿಂದಕ್ಕೆ ಬಿಟ್ಟಿರಬೇಕು. ನನಗೆ ಕೇಳಿದ ಆ ಚಟ್ ಸಪ್ಪಳದಲ್ಲೇ ಇದೂ ಆಗಿಹೋಗಿರಬೇಕು. ಹೌದು, ಗಾಲಿ ಇಳಿಯತೊಡಗಿದ್ದು ಅದರ ಮರುವಾರದಿಂದಲೇ.

"ಏನಿತ್ತೋ?" ಎಂದಳು ಅತ್ಯಾ.

ಮುಷ್ಟಿ ಮುಚ್ಚಿದೆ. ಅವಳು ನನ್ನ ತುಟಿ ನೋಡುತ್ತಿದ್ದಾಳೆಂದು ಗೊತ್ತಿತ್ತು. ಗಾಲಿಯ ಕಡೆಗೆ ತಿರುಗಿ, "ಮೊಳಿ," ಎಂದೆ. ಅವಳಿಗೆ ಕೇಳಿರುವುದು ಸಾಧ್ಯವಿಲ್ಲ. ಮತ್ತೆ ಕೇಳಲಿಲ್ಲ ಅವಳು. ತಂತಿ ನನ್ನ ಅಂಗಿಯ ಜೇಬಿಗೆ ಹೋಯಿತು.

ಬತ್ತಿ ಹಾಕಿಸಿ ಮತ್ತೆ ಪಂಪು ತುಳಿದು ಮುಗಿಯುವ ಹೊತ್ತಿಗೆ ಹೊತ್ತು ಹೊಲದ ಅಂಚಿಗೆ ಇಳಿದಿತ್ತು. ಆ ಗದ್ದಲದಲ್ಲಿ ಸೀಟಿನ ಮೇಲಿದ್ದ ನನ್ನ ಫೋನು ಎಷ್ಟು ಸಲ ಬಡಿದುಕೊಂಡಿತೋ. ಕಿವಿ ನೆಟ್ಟಗಿದ್ದ ನನಗೆ ಅದು ಕೇಳಲಿಲ್ಲ.

ಚಿಂಚೋಳಿಯ ಮನೆಯ ಮುಂದೆ ಕಾರು ನಿಲ್ಲಿಸಿದಾಗ ದೀಪ ಹಚ್ಚುವ ಹೊತ್ತು. ಅಣ್ಣನ ಹೆಂಡತಿ, ನಮ್ಮ ವೈನಿ, ಬಾಗಿಲಲ್ಲೇ ನಿಂತಿದ್ದಳು. ನಮ್ಮನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಈಗ ಹೋದ್ರಪ್ಪಾ ಹೈದರಾಬಾದಿಗಿ. ದೀಪ ಹಚ್ಚೋಕಿಂತ ಸ್ವಲ್ಪ ಮದಲ. ಅತ್ತಿಯವರಿಗೆ ಉಸರು ತಗೊಳ್ಳಿಕ್ಕೆ ಭಾಳ ತ್ರಾಸ ಆತು. ಡಾಕ್ಟರು ನಾಳಿತನಾ ತಡೀಬ್ಯಾಡ್ರಿ ಅಂದ್ರು. ನಿನಗ ಎಷ್ಟು ಸಲ ಫೋನ್ ಹಚ್ಚಿದ್ರು! ಅತ್ತಿಯವರು ಗಾಡ್ಯಾಗ ಕುಂತ ಮ್ಯಾಲೂ ರಸ್ತಾನೇ ನೋಡ್ಲಿಕತ್ತಿದ್ರು. ಬರ್ತಾಳ, ಇನ್ನ ಒಂದು ಚೂರು ನಿಂದರ್ರಿ ಅಂತ ಕೈ ಮಾಡಿದ್ರು."

ಅತ್ಯಾ ವೈನಿಯ ತುಟಿ ಓದುತ್ತಿದ್ದಳು. ಅವಳಿಗೆ ಕೂಗಿ ಹೇಳುವ ಕೆಲಸ ಈ ಸಲ ನನಗೆ ಬೀಳಲಿಲ್ಲ.

"ಹಿಂದಿಂದೇ ಹೋಗೋಣ ಅತ್ಯಾ," ಎಂದೆ ಅವಳ ಕಿವಿಯಲ್ಲಿ. "ತಾಂಡೂರ ದಾರ್‍ಯಾಗ ಸಿಗ್ತಾರ."

"ಉಸರಿಲ್ಲದಾಕಿಗಿ ನಡುದಾರ್‍ಯಾಗ ನಿಂದರ್ಸಿ ನನ್ನ ಹೆಸರು ಕರಿ ಅನ್ಲೇನು?" ಎಂದಳು. ಹೊಸ್ತಿಲ ಮೇಲೆ ಕೂತುಬಿಟ್ಟಳು, ಮಡಿಲಲ್ಲಿ ಗಂಜಿಯ ಡಬ್ಬಿ.

ಅಣ್ಣನಿಗೆ ಫೋನ್ ಮಾಡಿದೆ. ಕಾರಿನೊಳಗಿನ ಸದ್ದು, ಗಾಳಿಯ ಸದ್ದು. "ಅವ್ವಗ ಕೊಡ್ತೀನಿ" ಎಂದ. ನಾನು ಸ್ಪೀಕರ್ ಹಚ್ಚಿ ಫೋನನ್ನು ಅತ್ಯಾನ ಬಲಗಿವಿಗೆ ಹಿಡಿದೆ. ಮೊದಲು ಎಳೆದೆಳೆದು ಬಿಡುವ ಉಸಿರು ಕೇಳಿತು. ಆಮೇಲೆ ಬಂತು ಆ ಹೆಸರು. ಕಂಚಿನ ದನಿ ಇರಲಿಲ್ಲ, ಕಲ್ಲಿನ ಮೇಲೆ ಕಲ್ಲು ಉಜ್ಜಿದಂಥ ದನಿ. ಆದರೂ ಎರಡೂ ಅಕ್ಷರ ಸ್ಪಷ್ಟ. ಸ್ವಲ್ಪ ತಡೆದು ಇನ್ನೊಮ್ಮೆ ಬಂತು. ವೈನಿ ಗೋಡೆಗೆ ಮುಖ ಮಾಡಿದಳು.

ಅತ್ಯಾ ಕಣ್ಣು ಮುಚ್ಚಿ, ಫೋನಿಗೆ ಕಿವಿ ಒತ್ತಿ, ಕಾಯುತ್ತಲೇ ಇದ್ದಳು. ಅದು ಆಗಲೇ ಬಂದು ಹೋಗಿತ್ತು.

"ಏನಂದ್ಲೋ?" ಎಂದು ಕೇಳಿದಳು ನನ್ನನ್ನು. "ಗರಗರ ಅಂತು. ಏನಂದ್ಲು?"

ನನ್ನ ಬಾಯಿ ತೆರೆಯಿತು. ಆ ಹೆಸರನ್ನು ನಾನು ಯಾವತ್ತೂ ಆಡಿದವನಲ್ಲ, ಆಡುವುದು ನನ್ನ ಹಕ್ಕೂ ಅಲ್ಲ. ಆದರೂ ಬೇರೆ ಯಾರು ಹೇಳಬೇಕು? ಮೊದಲ ಅಕ್ಷರಕ್ಕೆ ತುಟಿ ಸೇರಿಸಿದ್ದೆನೋ ಇಲ್ಲವೋ, ಅವಳು ಕೈ ಎತ್ತಿ ನನ್ನ ಬಾಯಿಯ ಮೇಲೆ ಇಟ್ಟಳು.

"ನೀ ಅನಬ್ಯಾಡ," ಎಂದಳು.

ಆಮೇಲೆ ಫೋನಿನ ಕಡೆಗೆ ಬಾಗಿ, ಓಣಿಯ ತುದಿಗೆ ಕೇಳುವಷ್ಟು ಗಟ್ಟಿಯಾಗಿ, "ಓ," ಎಂದಳು. ಆ ಕಡೆ ಲೈನು ಕಡಿದಿತ್ತು. ಅದನ್ನು ನಾನು ಅವಳಿಗೆ ಹೇಳಲಿಲ್ಲ.

ಭಾನುವಾರ ಶಹಾಬಾದಿಗೆ ತಿರುಗಿ ಬಂದೆವು. ಗಾಲಿ ದಾರಿಯುದ್ದಕ್ಕೂ ದುಂಡಗೆ ನಿಂತಿತ್ತು. ಅದು ಹಾಗೆ ನಿಂತದ್ದೇ ನನಗೆ ಸಿಟ್ಟು ತರಿಸುತ್ತಿತ್ತು. ಸೋಮವಾರ ಆಪರೇಷನ್ ಆಯಿತು. ಜೀವ ಉಳಿಯಿತು.

ಅದರ ಬೆನ್ನಿಗೇ ಅಮಾವಾಸ್ಯೆ. ಬೆಳಿಗ್ಗೆ ನಾನೇ ನಿಂಬೆಹಣ್ಣು, ಮೆಣಸಿನಕಾಯಿಯ ಜೊತೆಗೆ ಒಂದು ದಪ್ಪ ನೂಲಿನ ಉಂಡೆ ತಂದು ಅತ್ಯಾನ ಮುಂದೆ ಇಟ್ಟೆ. ತಂತಿಯ ಸುರುಳಿಯನ್ನು ಹಿಂದಿನ ರಾತ್ರಿಯೇ ತೆಗೆದು ಅಟ್ಟದ ಮೇಲೆ ಎಸೆದಿದ್ದೆ. ಅವಳು ನೂಲನ್ನು ಕೈಯಲ್ಲಿ ಹಿಡಿದು ನೋಡಿದಳು, ನನ್ನನ್ನು ನೋಡಿದಳು. ತಂತಿ ಎಲ್ಲಿ ಎಂದು ಕೇಳಬೇಕಿತ್ತು. ಕೇಳಲಿಲ್ಲ.

"ಅವತ್ತು ನೀ ಮಾರಿ ತಿರುವಿದ್ದಿ," ಎಂದಳು. "ನನ್ನ ಮುಂದ ಮಾತಾಡೋವಾಗ ನೀ ಎಂದೂ ಮಾರಿ ತಿರುವಿದಾಂವ ಅಲ್ಲ."

ನಾನು ಮೆಣಸಿನಕಾಯಿ ಆರಿಸತೊಡಗಿದೆ.

"ನಿನ್ನ ಅಂಗಿ ಒಗಿಲಿಕ್ಕೆ ಹಾಕೋವಾಗ ಕಿಸೆ ನೋಡೋದು ನನ್ನ ರೂಢಿ ಅದ, ಮರತಿಯೇನು?"

ಮರೆತಿದ್ದೆ. ಅವಳು ನೂಲು ಜೋಡು ಮಾಡಿದಳು, ಎಂದಿನಂತೆ ಹೊಸೆದಳು. ಇದ್ದಲಿ, ನಿಂಬೆ, ಮೆಣಸಿನಕಾಯಿ ಪೋಣಿಸಿದಳು. ಕಾರಿನ ಮುಂದಿದ್ದ ಹಳೆಯದನ್ನು ಬಿಚ್ಚಿದಳು, ಆದರೆ ಗಾಲಿಯ ಬೆನ್ನಿಗೆ ಇಡಲಿಲ್ಲ. ಹಳೆಯ ಪತ್ರಿಕೆಯಲ್ಲಿ ಸುತ್ತಿ ತಾನೇ ತೆಗೆದುಕೊಂಡು ಹೋಗಿ ಹಿತ್ತಿಲಲ್ಲಿ ಹೂಳಿದಳು. "ಬಿಡು ಈಗ" ಎಂದು ಆ ದಿನ ಅಂಗಳದಲ್ಲಿ ಯಾರೂ ಅನ್ನಲಿಲ್ಲ.

ದೊಡ್ಡತ್ಯಾ ಊರಿಗೆ ಮರಳಿದ ಮೇಲೆ ನಾವು ಮತ್ತೆ ಚಿಂಚೋಳಿಗೆ ಹೋದೆವು. ಎಲ್ಲಿಯೂ ನಿಲ್ಲದೆ, ಊಟದ ಹೊತ್ತಿಗೆ ಮೊದಲೇ ಮುಟ್ಟಿದೆವು. ಅವಳ ಕೊರಳಿಗೆ ಬಿಳಿ ಬಟ್ಟೆ ಕಟ್ಟಿತ್ತು. ಅಕ್ಕ ತಂಗಿ ಎದುರುಬದುರು ಕೂತರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ದೊಡ್ಡತ್ಯಾ ತಂಗಿಯ ಗಲ್ಲ ಹಿಡಿದು ತುಟಿ ಆಡಿಸಿದಳು. ತುಟಿ ಸೇರಿತು, ಬಿಟ್ಟಿತು. ಎರಡು ಅಕ್ಷರ. ಅತ್ಯಾಗಿಂತ ಚೆನ್ನಾಗಿ ತುಟಿ ಓದುವವರು ನಮ್ಮ ಮನೆತನದಲ್ಲಿ ಯಾರಿದ್ದಾರೆ?

"ಓ," ಎಂದಳು ಅತ್ಯಾ.

ತಿರುಗಿ ಬರುವಾಗ ಸೇಡಂ ದಾಟುವ ತನಕ ಅವಳು ಮಾತಾಡಲಿಲ್ಲ, ತನ್ನಷ್ಟಕ್ಕೂ ಮಾತಾಡಲಿಲ್ಲ. ಚಿತ್ತಾಪುರದ ಆ ಟೈರಿನ ಅಂಗಡಿಯ ಮುಂದೆ ಬಂದಾಗ ಹೊರಗೆ ನೋಡುತ್ತ ಅಂದಳು:

"ಹೆಸರು ಕಾಣಿಸ್ತು. ಕೇಳಿಸ್ಲಿಲ್ಲ."

ಕಾರನ್ನು ರಸ್ತೆಯ ಬದಿಗೆ ಹಚ್ಚಿದೆ. ಮುಂದೆ ನೂಲಿನಲ್ಲಿ ತೂಗುತ್ತಿದ್ದ ನಿಂಬೆಹಣ್ಣು ನಾವು ನಿಂತ ಮೇಲೂ ಸ್ವಲ್ಪ ಹೊತ್ತು ತೂಗುತ್ತಲೇ ಇತ್ತೇನೋ, ನನಗೆ ಕಾಣುವಂತಿರಲಿಲ್ಲ. ಅವಳು ಈ ಕಡೆ ತಿರುಗಿ, "ಗಾಲ್ಯಾಗ ಗಾಳಿ ಅದನೋ?" ಎಂದಳು.

ಅವಳ ಕಡೆಗೆ ಪೂರ್ತಿ ಮುಖ ತಿರುಗಿಸಿ, ತುಟಿ ಕಾಣುವಂತೆ, "ಅದ ಅತ್ಯಾ," ಎಂದೆ.